ನೀರು ಇಳಿದಾಗ ಬನ್ನಿ: ಯಲ್ಲದಕೆರೆ ಸೀಮೆಯಲ್ಲಿ ವಸಂತದ ಹಕ್ಕಿಗಳು

2022ರ ಸೆಪ್ಟೆಂಬರ್‌ ಮೊದಲ ವಾರ ಮಾರಿಕಣಿವೆ ಕೋಡಿ ಬಿದ್ದಾಗ ಹಿರಿಯೂರು ಸೀಮೆಗೆ ಸೀಮೆಯೇ ಅತ್ತ ಹೊರಟಿತ್ತು. ಮಾರಿಕಣಿವೆ ಎಂದೇ ಜನ ಕರೆಯುವ ವಾಣಿವಿಲಾಸ ಸಾಗರದ ನೀರು 130 ಅಡಿ ಮುಟ್ಟಿದ್ದು 1933ರ ನಂತರ ಅದೇ ಮೊದಲು. ಅಜ್ಜಂದಿರ ಬಾಯಲ್ಲಿ ಕೇಳಿದ್ದನ್ನು ಮೊಮ್ಮಕ್ಕಳು 89 ವರ್ಷಗಳ ಮೇಲೆ ಕಣ್ಣಾರೆ ಕಂಡರು. 2025ರ ಜನವರಿಯಲ್ಲಿ ಕೋಡಿ ಮತ್ತೊಮ್ಮೆ ಹರಿಯಿತು. ಬರ ಕಂಡ ನಾಡಿಗೆ ತುಂಬಿದ ನೀರು ನೋಡುವುದೇ ಹಬ್ಬ. ಆದರೆ ಹಕ್ಕಿ ನೋಡಬೇಕೆನ್ನುವವರು ಈ ಸೀಮೆಗೆ ಬರಬೇಕಾದ್ದು ನೀರು ಏರುವಾಗಲ್ಲ, ಇಳಿಯುವಾಗ.

ಸಂಕ್ರಾಂತಿ ಕಳೆದ ಮೇಲೆ ಬಯಲುಸೀಮೆಯ ಕೆರೆಗಳು ದಿನದಿನಕ್ಕೂ ಹಿಂದೆ ಸರಿಯುತ್ತವೆ. ನೀರು ಬಿಟ್ಟುಕೊಟ್ಟ ಜಾಗದಲ್ಲಿ ಹಸಿ ಕೆಸರು ಉಳಿಯುತ್ತದೆ. ಅದರೊಳಗೆ ಹುಳು, ಶಂಖದಹುಳು, ಸೀಗಡಿ, ಜೊಂಡಿನ ಬೀಜ. ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಸಿಕ್ಕಿಬಿದ್ದ ಸಣ್ಣ ಮೀನು. ಮಳೆಗಾಲದಲ್ಲಿ ಆಳದ ನೀರಿನಡಿ ಮುಚ್ಚಿಹೋಗಿದ್ದ ಇದೆಲ್ಲ ಈಗ ಹಕ್ಕಿಯ ಕೊಕ್ಕಿಗೆ ಎಟುಕುತ್ತದೆ. ನೀರಿನ ಅಂಚು ಸರಿದಂತೆಲ್ಲ ಹೊಸ ಎಲೆ ಹಾಕಿ ಬಡಿಸಿದ ಹಾಗೆ ಹೊಸ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳೂ ಅದರ ಹಿಂದೆಯೇ ಸರಿಯುತ್ತವೆ.

ಫೆಬ್ರವರಿಯಿಂದ ಮೇ ತಿಂಗಳವರೆಗೆ ಇಲ್ಲಿನ ಕೆರೆಗಳಿಗೆ ಬೇರೆ ಯಾವ ಕಾಲಕ್ಕೂ ಇಲ್ಲದ ಒಂದು ವಿಶೇಷವಿದೆ. ಚಳಿಗಾಲ ಕಳೆಯಲು ಉತ್ತರದಿಂದ ಬಂದಿದ್ದ ಹಕ್ಕಿಗಳು ಹೊರಡುವ ಮೊದಲು ಹೊಟ್ಟೆತುಂಬ ಮೇಯುತ್ತಿರುತ್ತವೆ. ಅದೇ ದಡದಲ್ಲಿ ನಮ್ಮೂರಿನ ಹಕ್ಕಿಗಳು ಗೂಡಿಗೆ ಜಾಗ ನೋಡುತ್ತಿರುತ್ತವೆ. ಒಂದೇ ಬೆಳಗ್ಗೆ ಎರಡನ್ನೂ ನೋಡಬಹುದು. ಮೊದಲನೆಯದಕ್ಕೆ ತಾಳ್ಮೆ ಇದ್ದರೆ ಸಾಕು, ಎರಡನೆಯದಕ್ಕೆ ಎಚ್ಚರವೂ ಬೇಕು.

ಎಲ್ಲಿಗೆ ಹೋಗುವುದು

ಹಿರಿಯೂರು–ಹುಳಿಯಾರು ಹೆದ್ದಾರಿಯ ಕಡೆಯ ಯಲ್ಲದಕೆರೆಯನ್ನು ನಡುವೆ ಇಟ್ಟುಕೊಂಡರೆ ಸುತ್ತಾಟದ ಯೋಜನೆ ಸುಲಭ. ಒಂದು ಕಡೆ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ, ಎರಡು ಗುಡ್ಡಗಳ ಸಂದಿನಲ್ಲಿ ನಿಂತ, ಸುಮಾರು 30 ಟಿಎಂಸಿ ಅಡಿ ಹಿಡಿಯುವ ಜಲಾಶಯವದು. ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೂ ಚಾಚಿದೆ. ಇನ್ನೊಂದು ಕಡೆ ಸುವರ್ಣಮುಖಿಯ ಸಾಲು: ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ, ಅಲ್ಲಿಂದ ಕೆಳಗೆ ಹಿರಿಯೂರು ತಾಲ್ಲೂಕಿನ ಗಾಯತ್ರಿ ಜಲಾಶಯ. ಹೊಳಲ್ಕೆರೆಯವರಿಗೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ಹತ್ತಿರ. ಚಿತ್ರದುರ್ಗದವರಿಗೆ ಭೀಮಸಮುದ್ರವಿದೆ. ಇವುಗಳ ನಡುನಡುವೆ ಊರಿಗೊಂದರಂತೆ ಇರುವ ಸಣ್ಣ ಕೆರೆಗಳನ್ನು ಯಾರೂ ಪ್ರವಾಸಿ ತಾಣವೆಂದು ಕರೆಯುವುದಿಲ್ಲ. ವಸಂತದಲ್ಲಿ ಹಕ್ಕಿ ನೋಡಲು ಅವೇ ಮೇಲು.

ಕಾರಣ ನೀರಿನ ಮಟ್ಟ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರು ವಾಣಿವಿಲಾಸ ಸಾಗರಕ್ಕೆ ಬರುತ್ತಿದೆ. ರೈತರಿಗೆ ಇದು ದೊಡ್ಡ ಆಸರೆ. ಜಲಾಶಯ ತುಂಬಿದ ವರ್ಷ ನೀರು ಗುಡ್ಡದ ಬುಡಕ್ಕೇ ತಾಗಿ ನಿಲ್ಲುವುದರಿಂದ ಕೆಸರಿನ ಅಂಚು ಕಡಿಮೆ. ಕೆಸರು ಕೆದಕುವ ಉದ್ದಕಾಲಿನ ಹಕ್ಕಿಗಳಿಗೆ ಅಲ್ಲಿ ಕಾಲೂರಲು ಜಾಗವಿಲ್ಲ. ಅಂಥ ವರ್ಷ ಕಟ್ಟೆಯ ಬಳಿ ನಿಂತವರಿಗೆ ಮುಖ್ಯವಾಗಿ ಕಾಣುವುದು ಮೀನು ತಿನ್ನುವವು: ನೀರುಕಾಗೆ, ಹೆಜ್ಜಾರ್ಲೆ, ಗರುಡ, ನೀರಿನ ಮೇಲೆ ಸುತ್ತುವ ರೀವ. ಗೊರವ, ಬಾತು, ಕೆಂಬರಲುಗಳನ್ನು ನೋಡಬೇಕೆಂದರೆ ಹಿನ್ನೀರಿನ ಬಾಲದ ಕಡೆಗೆ ಅಥವಾ ಮೊಣಕಾಲುದ್ದ ನೀರು ಉಳಿದ ಹಳ್ಳಿ ಕೆರೆಗೆ ಹೋಗಬೇಕು.

ಕೆರೆಗೆ ಹೋದವರಲ್ಲಿ ಹೆಚ್ಚಿನವರು ಏರಿಯ ಮೇಲೆ ನಿಂತು ನೋಡಿ, ದೂರದಲ್ಲಿ ಕಪ್ಪು ಚುಕ್ಕೆಗಳು ಕಂಡವೆಂದು ಹಿಂದಿರುಗುತ್ತಾರೆ. ಏರಿಯ ಬುಡದಲ್ಲೇ, ತೂಬಿನ ಹತ್ತಿರವೇ ನೀರು ಅತಿ ಆಳ. ಅಲ್ಲಿ ಮುಳುಗು ಹಾಕುವ ಗುಳುಮುಳುಕ, ನಾಮದ ಕೋಳಿ, ನೀರುಕಾಗೆ ಸಿಗುತ್ತವೆ. ಹಳ್ಳ ಬಂದು ಸೇರುವ ಹಿಂಬದಿಯಲ್ಲಿ ನೀರು ತೆಳುವಾಗಿ ಹರಡಿ, ಜೊಂಡು, ಕೆಸರು, ಹುಲ್ಲು ಬೆರೆತಿರುತ್ತವೆ. ಹಕ್ಕಿಗಳ ಬಗೆ ಹೆಚ್ಚುವುದು ಅಲ್ಲಿ. ಏರಿಯಿಂದ ಒಮ್ಮೆ ಕಣ್ಣಾಡಿಸಿ, ಗದ್ದೆ ಬದುವಿನ ಮೇಲೆ ಸುತ್ತು ಹಾಕಿ ಹಿಂಬದಿ ಸೇರುವುದು ಒಳ್ಳೆಯ ಕ್ರಮ. ಕೋಡಿಯ ಕೆಳಗಿನ ಜೌಗನ್ನೂ ಬಿಡಬಾರದು. ಮಿಂಚುಳ್ಳಿ, ಹುಂಡುಕೋಳಿ, ಗದ್ದೆಗೊರವಗಳು ಅಲ್ಲಿ ಬಿಸಿಲೇರಿದ ಮೇಲೂ ಇರುತ್ತವೆ.

ಹೊರಟು ನಿಂತವರು

ಶಿವರಾತ್ರಿಯ ಹೊತ್ತಿಗೆ ಬಾತುಗಳ ಗಂಡುಗಳು ತಮ್ಮ ಒಳ್ಳೆಯ ಬಣ್ಣದಲ್ಲಿರುತ್ತವೆ. ಚಳಿಗಾಲದ ಆರಂಭದಲ್ಲಿ ಬಂದಿಳಿದಾಗ ಗಂಡು ಹೆಣ್ಣೆಂಬ ಭೇದವೇ ತಿಳಿಯದಂತೆ ಕಂದಾಗಿದ್ದವು ಈಗ ಗರಿ ಬದಲಿಸಿ, ಜೋಡಿ ಹುಡುಕುವ ಸಿದ್ಧತೆಯಲ್ಲಿರುತ್ತವೆ. ಹೊಸದಾಗಿ ಗುರುತು ಹಿಡಿಯಲು ಕಲಿಯುವವರಿಗೆ ಇದಕ್ಕಿಂತ ಅನುಕೂಲದ ಕಾಲವಿಲ್ಲ. ಕಂದು ತಲೆಯ ಮೇಲೆ ಬಳಿದಂಥ ಬಿಳಿ ಹುಬ್ಬು ಕಂಡರೆ ಅದು ಬಿಳಿಹುಬ್ಬಿನ ಬಾತು. ಕತ್ತು ಉದ್ದ, ಬಾಲ ಚೂಪಾಗಿ ನೀಳವಾಗಿದ್ದರೆ ಸೂಜಿಬಾಲದ ಬಾತು. ಕೊಕ್ಕು ತುದಿಯಲ್ಲಿ ಅಗಲವಾಗಿ, ತಲೆ ಕಡುಹಸಿರಾಗಿ ಹೊಳೆದರೆ ಸಲಿಕೆಕೊಕ್ಕಿನ ಬಾತು. ಈ ಕೊನೆಯದನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಗುಂಪಾಗಿ ನೀರಿನಲ್ಲಿ ಚಕ್ರ ತಿರುಗುತ್ತ, ಸುಳಿ ಎಬ್ಬಿಸಿ, ಮೇಲೆ ಬಂದ ಸಣ್ಣ ಜೀವಿಗಳನ್ನು ಕೊಕ್ಕಿನಿಂದ ಸೋಸಿ ತಿನ್ನುತ್ತವೆ.

ಇವುಗಳ ನಡುವೆಯೇ ವರ್ಷವಿಡೀ ಇರುವ ನಮ್ಮ ಬಾತುಗಳೂ ಇರುವುದರಿಂದ ಎಣಿಸುವಾಗ ಗೊಂದಲವಾಗುತ್ತದೆ. ಕಪ್ಪು ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆಯಿರುವ ದೊಡ್ಡ ಬಾತು ವರಟೆ. ಹಾರುವಾಗ ಸಿಳ್ಳೆ ಹಾಕುವ ಕಂದು ಬಾತು ಸಿಳ್ಳೆಬಾತು. ಏಪ್ರಿಲ್‌ ಕೊನೆಯಲ್ಲಿ ಕೆರೆಯಲ್ಲಿ ಉಳಿದವುಗಳಲ್ಲಿ ಹೆಚ್ಚಿನವು ಇವೆರಡೇ. ವಲಸೆ ಬಾತುಗಳಲ್ಲಿ ಬಿಳಿಹುಬ್ಬಿನದು ಮೊದಲು ಬರುವವುಗಳಲ್ಲೂ ಕೊನೆಗೆ ಹೋಗುವವುಗಳಲ್ಲೂ ಒಂದು. ಯುಗಾದಿ ಕಳೆದ ಮೇಲೂ ಅದರ ಸಣ್ಣ ಗುಂಪು ಸಿಕ್ಕರೆ ಆಶ್ಚರ್ಯವಿಲ್ಲ.

ಪಟ್ಟೆತಲೆ ಹೆಬ್ಬಾತನ್ನು ನೋಡುವ ಆಸೆಯಿದ್ದರೆ ಮಾರ್ಚ್‌ವರೆಗೆ ಕಾಯಬಾರದು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಹೊತ್ತ ಈ ಹಕ್ಕಿ ಮಂಗೋಲಿಯ, ಟಿಬೆಟ್‌, ಲಡಾಖ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ಕರ್ನಾಟಕದ ಕೆರೆಗಳಿಗೆ ಬರುತ್ತದೆ. ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನದಲ್ಲಿ ಇದು 7,000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಹಗಲು ಕೆರೆಯ ನಡುವೆ ವಿಶ್ರಾಂತಿ, ಇಳಿಹೊತ್ತಿನ ನಂತರ ಸುತ್ತಲ ಹೊಲಗಳಲ್ಲಿ ಮೇವು: ಇದು ಅದರ ದಿನಚರಿ. ಗದಗ ಜಿಲ್ಲೆಯ ಮಾಗಡಿ ಕೆರೆ ಇದಕ್ಕೆ ಹೆಸರುವಾಸಿ. ಅದನ್ನು ನೋಡಲೆಂದೇ ಹೋಗುವವರು ಫೆಬ್ರವರಿ ಮೊದಲ ಭಾಗದೊಳಗೆ ಹೋಗಿಬರುವುದು ಕ್ಷೇಮ.

ಬಾತುಗಳು ಖಾಲಿಯಾದ ಮೇಲೆ ಕೆರೆ ಬರಿದಾಯಿತೆಂದು ಹಲವರು ಬರುವುದನ್ನೇ ನಿಲ್ಲಿಸುತ್ತಾರೆ. ಗೊರವಗಳ ಸೊಗಸಿನ ಕಾಲ ಶುರುವಾಗುವುದೇ ಆಗ. ಚಳಿಗಾಲವೆಲ್ಲ ಬೂದು ಕಂದಾಗಿ, ಒಂದರಂತೆ ಒಂದಿದ್ದು, ಪುಸ್ತಕ ಹಿಡಿದು ಕೂತರೂ ಬೇರ್ಪಡಿಸಲಾಗದ ಪುಟ್ಟ ಹಕ್ಕಿಗಳು ಮಾರ್ಚ್‌ ಕೊನೆ, ಏಪ್ರಿಲ್‌ ಹೊತ್ತಿಗೆ ಸಂತಾನಕಾಲದ ಬಣ್ಣ ತಾಳುತ್ತವೆ. ಗುಬ್ಬಿಗಾತ್ರದ ಕಿರುಗೊರವದ ಬೆನ್ನು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಾಲ ಕುಣಿಸುತ್ತ ಓಡಾಡುವ ಹಳದಿ ಸಿಪಿಲೆಗಳಲ್ಲಿ ಕೆಲವಕ್ಕೆ ಕಪ್ಪು ತಲೆ, ಕೆಲವಕ್ಕೆ ಬೂದು ತಲೆ ಸ್ಪಷ್ಟವಾಗುತ್ತದೆ. ಬೇರೆ ಬೇರೆ ಸೀಮೆಯಲ್ಲಿ ಮರಿ ಮಾಡುವ ಉಪಜಾತಿಗಳ ಗುರುತು ಈ ತಲೆಯ ಬಣ್ಣ. ದನ ಮೇಯುವ ಕೆರೆಯಂಗಳದ ಹುಲ್ಲಿನಲ್ಲಿ, ದನದ ಕಾಲಿಗೆ ಎದ್ದ ಹುಳು ಹಿಡಿಯುತ್ತ ಇವು ಸಿಗುತ್ತವೆ. ದನಗಾಹಿಗಳಿಗೆ ಇವು ದಿನವೂ ಕಾಣುವ ಹಕ್ಕಿಗಳೇ. ಹೊಸ ಊರಿಗೆ ಹೋದಾಗ ಹಕ್ಕಿ ಎಲ್ಲಿದೆ ಎಂದು ಮೊದಲು ಕೇಳಬೇಕಾದ್ದು ಅವರನ್ನು.

ಇದೇ ಹೊತ್ತಿಗೆ ಕರೆಂಟ್‌ ತಂತಿಗಳ ಮೇಲೆ ಸಾಲುಗಟ್ಟುವ ಕವಲುಬಾಲದ ಅಂಬರಗುಬ್ಬಿಗಳೂ, ಮುತ್ತುಗ ಮತ್ತು ಬೂರುಗದ ಹೂವಿಗೆ ಮುತ್ತುವ ಗುಲಾಬಿ ಕಬ್ಬಕ್ಕಿಗಳೂ ಹೊರಡುವವರ ಪಟ್ಟಿಯಲ್ಲಿವೆ. ಚಳಿಗಾಲದಲ್ಲಿ ಜೋಳದ ಹೊಲಗಳ ಮೇಲೆ ಮೋಡದಂತೆ ಸುಳಿದಿದ್ದ ಈ ಕಬ್ಬಕ್ಕಿಗಳು ಮರಿ ಮಾಡುವುದು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ, ಮಿಡತೆಗಳನ್ನು ತಿಂದು. ಹೊಲ, ಬೀಳುಗಳ ಮೇಲೆ ತಗ್ಗಾಗಿ ತೇಲುವ ಸೆಳೆವಗಳೂ ಮಾರ್ಚ್‌–ಏಪ್ರಿಲ್‌ನಲ್ಲಿ ಉತ್ತರಕ್ಕೆ ತಿರುಗುತ್ತವೆ.

ಬೀಡುಬಿಟ್ಟವರು

ಗೂಡು ಎಂದಾಕ್ಷಣ ಮರದ ಕಡೆ ನೋಡುವ ಅಭ್ಯಾಸ ಬಯಲುಸೀಮೆಯ ಕೆರೆಯಲ್ಲಿ ಬಿಡಬೇಕು. ಇಲ್ಲಿ ಅನೇಕ ಹಕ್ಕಿಗಳ ಗೂಡು ಕಾಲಡಿಯಲ್ಲೇ ಇರುತ್ತದೆ. ಟಿಟ್ಟಿಭ, ಅಂದರೆ ಹಳ್ಳಿಗರ ತೇನೆಹಕ್ಕಿ, ಬರಿಯ ನೆಲದಲ್ಲಿ ಸಣ್ಣ ತಗ್ಗು ಮಾಡಿ, ಸುತ್ತ ಕಲ್ಲುಚೂರು ಇಟ್ಟು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ. ಎರಡು ಮಾರು ದೂರದಲ್ಲಿ ನಿಂತರೂ ಕಾಣುವುದಿಲ್ಲ. ಕೆಂಪು ಟಿಟ್ಟಿಭ ನೀರಿನ ಹತ್ತಿರ. ಕಣ್ಣಿನ ಮುಂದೆ ಹಳದಿ ತೊಗಲು ಜೋತ ಹಳದಿ ಟಿಟ್ಟಿಭ ಒಣ ಬೀಳಿನಲ್ಲಿ. ಏಪ್ರಿಲ್‌ನ ಉರಿಬಿಸಿಲಿನಲ್ಲಿ ತಾಯ್ತಂದೆಗಳ ಕೆಲಸ ಮೊಟ್ಟೆಗೆ ಕಾವು ಕೊಡುವುದಕ್ಕಿಂತ ಹೆಚ್ಚಾಗಿ ಅದನ್ನು ತಂಪಾಗಿಡುವುದು. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಒದ್ದೆ ಗರಿಯಿಂದ ಮೊಟ್ಟೆ ಮುಚ್ಚಿ ಕೂರುತ್ತವೆ. ಮನುಷ್ಯರು ಹತ್ತಿರ ನಿಂತಿದ್ದಷ್ಟು ಹೊತ್ತೂ ಹಕ್ಕಿ ಗೂಡಿಗೆ ಬರುವುದಿಲ್ಲ. ಅಷ್ಟು ಹೊತ್ತೂ ಮೊಟ್ಟೆ ಕಾದ ನೆಲದ ಮೇಲೆ ಬೇಯುತ್ತಿರುತ್ತದೆ. ಚೆನ್ನಾದ ಫೋಟೊ ತೆಗೆಯಬೇಕೆಂದು ಕಾದು ಕೂತವರು ಒಂದು ಗೂಡನ್ನೇ ಕೊಂದಿರಬಹುದು.

ಆದ್ದರಿಂದ ನಿಯಮ ಸರಳ. ಟಿಟ್ಟಿಭ ತಲೆಯ ಮೇಲೆ ಸುತ್ತಿ ಅರಚತೊಡಗಿದರೆ ಅಲ್ಲೇ ನಿಂತು, ಕಾಲ ಸುತ್ತ ನೆಲ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಬೇಕು. ಗೂಡು ಹುಡುಕಬಾರದು. ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ಮೇಯುವುದನ್ನು ನಿಲ್ಲಿಸಿತೆಂದರೆ ಹತ್ತಿರವಾಯಿತೆಂದು ಅರ್ಥ. ದೂರ ನಡೆಯತೊಡಗಿದರೆ ನಾವು ಆಗಲೇ ಹಿಂದೆ ಸರಿಯಬೇಕಿತ್ತು. ಇದು ಬರೀ ಸೌಜನ್ಯದ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದೂ, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ.

ಕಡ್ಡಿಯಂಥ ಕೆಂಗಾಲಿನ ಮೆಟ್ಟುಗಾಲು ಹಕ್ಕಿ ಇದೇ ಕಾಲದಲ್ಲಿ ಕೆಸರಿನ ದಿಬ್ಬದ ಮೇಲೆ ಗೂಡು ಮಾಡುತ್ತದೆ. ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳು ಹೊಳೆ ರೀವದ ತವರು: ಹಳದಿ ಕೊಕ್ಕು, ಕಪ್ಪು ಟೋಪಿ, ಕವಲುಬಾಲದ ಚೆಂದದ ಹಕ್ಕಿ. ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಅಲ್ಲಿನ ನಡುಗಡ್ಡೆಗಳು ರೀವಗಳಿಂದ ತುಂಬಿರುತ್ತವೆ. ಮಾರಿಕಣಿವೆಗೆ ಈಗ ಬರುವ ನೀರೂ ಆ ಭದ್ರೆಯದೇ. ಜಗತ್ತಿನ ಮಟ್ಟದಲ್ಲಿ ಅಪಾಯಕ್ಕೆ ಗುರಿಯಾಗಬಲ್ಲ ಹಕ್ಕಿಗಳ ಪಟ್ಟಿಯಲ್ಲಿ ಹೊಳೆ ರೀವವಿದೆ. ನಡುಗಡ್ಡೆಗೆ ತೆಪ್ಪ ಹತ್ತಿಸಿ ಹೋಗುವ ಹುಮ್ಮಸ್ಸನ್ನು ಮೇ ಮುಗಿಯುವವರೆಗೆ ತಡೆಹಿಡಿಯಲೇಬೇಕು.

ಕೆರೆಯಂಗಳದಲ್ಲಿ ಬೇಸಿಗೆಯಲ್ಲಿ ನಡೆಯುವ ಇನ್ನೊಂದು ಕೆಲಸ ಹೂಳೆತ್ತುವುದು. ಅದು ಕೆರೆಗೂ ಬೇಕು, ಹೊಲಕ್ಕೂ ಬೇಕು. ಟ್ರ್ಯಾಕ್ಟರು ಇಳಿಸುವ ಮೊದಲು ಆ ಜಾಗದಲ್ಲಿ ಒಮ್ಮೆ ನಿಂತು ಯಾವ ಹಕ್ಕಿ ಕೂಗಿ ಓಡಿಸುತ್ತಿದೆ ಎಂದು ನೋಡಿ, ಅಂಥ ಮೂಲೆಯನ್ನು ಕೊನೆಗೆ ಉಳಿಸಿಕೊಂಡರೆ ಸಾಕು. ಟಿಟ್ಟಿಭದ ಮೊಟ್ಟೆ ಒಡೆಯಲು ಸುಮಾರು ನಾಲ್ಕು ವಾರ. ಮರಿಗಳು ಹೊರಬಂದ ದಿನವೇ ಓಡಾಡುತ್ತವೆ, ಗೂಡಿನಲ್ಲಿ ಉಳಿಯುವುದಿಲ್ಲ.

ಕಗ್ಗಲಡುವಿನ ಹುಣಸೆಮರಗಳು

ಒಂದೇ ಒಂದು ಪಯಣಕ್ಕೆ ಸಮಯವಿರುವವರು ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಬೇಕು. ಹಿರಿಯೂರಿನಿಂದ ಹೆದ್ದಾರಿಯಲ್ಲಿ ಶಿರಾ ತಲುಪಿ, ಅಲ್ಲಿಂದ ಚಂಗಾವರದ ಕಡೆಗೆ ಹತ್ತು ಕಿಲೋಮೀಟರಿನೊಳಗೆ ಈ ಊರು. ಕೆರೆಯ ನಡುಗಡ್ಡೆಯಲ್ಲೋ ಕಾಡಿನಲ್ಲೋ ಅಲ್ಲ, ಊರೊಳಗಿನ ಹುಣಸೆಮರಗಳ ಮೇಲೆ, ಮನೆಗಳ ಪಕ್ಕದಲ್ಲೇ, ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. 1990ರ ದಶಕದಿಂದ ನಡೆದುಬಂದಿರುವ ಇದು 1999ರಲ್ಲಿ ತುಮಕೂರಿನ ನಿಸರ್ಗಪ್ರಿಯರ ಮೂಲಕ ಹೊರಗಿನವರಿಗೆ ತಿಳಿಯಿತು. ಫೆಬ್ರವರಿಯ ಸುಮಾರಿಗೆ ಬರುವ ಹಕ್ಕಿಗಳು ಮರಿಗಳನ್ನು ಹಾರಿಸಿಕೊಂಡು ಹೊರಡುವಾಗ ಆಗಸ್ಟ್‌ ಆಗಿರುತ್ತದೆ.

ಬಣ್ಣದ ಕೊಕ್ಕರೆ ಮೂರಡಿ ಎತ್ತರದ ಹಕ್ಕಿ. ಕಿತ್ತಳೆ ಬಣ್ಣದ ಬೋಳುಮುಖ, ತುದಿಯಲ್ಲಿ ತುಸು ಬಾಗಿದ ಹಳದಿ ಕೊಕ್ಕು, ಬೆನ್ನ ಹಿಂಭಾಗಕ್ಕೆ ಇಳಿಬಿದ್ದ ಗುಲಾಬಿ ಗರಿ. ಮರಿಗೆ ಇದಾವುದೂ ಇಲ್ಲ; ಅದು ಮಾಸಲು ಬೂದು. ಎರಡರಿಂದ ನಾಲ್ಕು ಮೊಟ್ಟೆ, ತಿಂಗಳ ಕಾವು, ಆಮೇಲೆ ಹಾರಲು ಇನ್ನೂ ಎರಡು ತಿಂಗಳು. ಮಧ್ಯಾಹ್ನದ ಬಿಸಿಲಿನಲ್ಲಿ ಹೋದವರಿಗೆ ಬೆಳಗ್ಗೆ ಕಾಣದ ನೋಟವೊಂದು ಸಿಗುತ್ತದೆ: ತಾಯಿಯೋ ತಂದೆಯೋ ಬಿಸಿಲಿಗೆ ಬೆನ್ನು ಮಾಡಿ ಎರಡೂ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಂತಿರುತ್ತದೆ. ಆಹಾರ ತರುವುದು ಸುತ್ತಲ ಕೆರೆಗಳಿಂದ. ಅರ್ಧ ತೆರೆದ ಕೊಕ್ಕನ್ನು ಕಲಕು ನೀರಿನಲ್ಲಿ ಅತ್ತಿತ್ತ ಆಡಿಸುತ್ತ, ಒಂದು ಕಾಲಿನಿಂದ ಕೆಸರು ಕದಡಿ, ಕೊಕ್ಕಿಗೆ ತಗುಲಿದ ಮೀನನ್ನು ಹಿಡಿದು ನುಂಗಿ, ಗೂಡಿಗೆ ಬಂದು ಮರಿಗಳ ಮುಂದೆ ಕಕ್ಕುತ್ತವೆ. ಕಣ್ಣಿಗಿಂತ ಸ್ಪರ್ಶವನ್ನು ನಂಬಿದ ಈ ಬೇಟೆಗೆ ತೆಳುನೀರೇ ಬೇಕು. ಬಯಲಿನ ಕೆರೆಗಳು ಇಳಿದು ಮೀನು ಒತ್ತಾಗುವ ಕಾಲಕ್ಕೂ ಮರಿಗಳ ಹಸಿವು ಏರುವ ಕಾಲಕ್ಕೂ ಹೊಂದಿಕೆಯಾಗುವುದು ಹೀಗೆ. ಯಲ್ಲದಕೆರೆಯ ಸುತ್ತ ಯಾವುದೇ ಕೆರೆಯಲ್ಲಿ ಮಾರ್ಚ್‌ನಲ್ಲಿ ಕಾಲಾಡಿಸುತ್ತ ನಿಂತ ಬಣ್ಣದ ಕೊಕ್ಕರೆಗೆ ಎಲ್ಲೋ ಒಂದು ಮರದಲ್ಲಿ ಬಾಯ್ತೆರೆದ ಮರಿಗಳಿರಬಹುದು. ಗೂಡುಮರವೊಂದನ್ನೇ ಕಾಪಾಡಿ ಸುತ್ತಲಿನ ಕೆರೆಗಳನ್ನು ಕೈಬಿಟ್ಟರೆ ಈ ಹಕ್ಕಿ ಉಳಿಯುವುದಿಲ್ಲ.

ಹುಣಸೆಹಣ್ಣು ಬಡಿಯುವ ಕಾಲವೂ ಫೆಬ್ರವರಿ–ಮಾರ್ಚ್‌, ಹಕ್ಕಿ ಗೂಡು ಕಟ್ಟುವ ಕಾಲವೂ ಅದೇ. ಮರಕ್ಕೆ ಗಳು ತಗುಲಿದರೆ ಗೂಡು ಬಿಟ್ಟು ಹೋಗುವ ಹಕ್ಕಿಗಳು ವರ್ಷ ವರ್ಷ ಇಲ್ಲಿಗೇ ಬರುತ್ತಿರುವುದು ಊರಿನವರು ಅವುಗಳನ್ನು ತಮ್ಮವೆಂದು ಕಾಯ್ದುಕೊಂಡಿರುವುದರಿಂದ. ಹಿಕ್ಕೆಯ ವಾಸನೆ, ಮರಿಗಳ ಗದ್ದಲ, ಅಂಗಳಕ್ಕೆ ಬೀಳುವ ಕೊಳೆತ ಮೀನು ಇವೆಲ್ಲವನ್ನೂ ಸಹಿಸಿಕೊಂಡ ಮನೆಗಳಿವು. ನೋಡಲು ಹೋದವರು ಗಾಡಿಯನ್ನು ಊರ ಹೊರಗೆ ನಿಲ್ಲಿಸಿ, ಹಾರನ್‌ ಒತ್ತದೆ, ಮರದ ನೇರ ಅಡಿಗೆ ಹೋಗದೆ, ಮನೆಯವರನ್ನು ಕೇಳಿ ಅಂಗಳಕ್ಕೆ ಕಾಲಿಡಬೇಕು. ಡ್ರೋನ್‌ ಹಾರಿಸುವುದು ಬೇಡವೇ ಬೇಡ. ಕೆಳಗೆ ಬಿದ್ದ ಮರಿ ಕಂಡರೆ ಮನೆಗೆ ಒಯ್ಯದೆ ಊರಿನವರಿಗೆ ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ನೀರಿನಿಂದ ದೂರ

ಕೆರೆಯ ಹಕ್ಕಿಗಳ ಜತೆಗೆ ಕುರುಚಲಿನ ಹಕ್ಕಿಗಳನ್ನೂ ನೋಡದೆ ಹೋದರೆ ಈ ಸೀಮೆ ಅರ್ಧ ಕಂಡಂತೆ. ಚಿಂಕಾರ ಎಂಬ ಹುಲ್ಲೆಗಾಗಿ 2019ರಲ್ಲಿ ವನ್ಯಜೀವಿಧಾಮವಾದ ಬುಕ್ಕಾಪಟ್ಟಣದ ಕಾಡು ದಕ್ಷಿಣಕ್ಕಿದೆ. ಒಣ ಬೀಳುಗಳಲ್ಲಿ ಬೆಳಗ್ಗೆ ಗೌಜಲಹಕ್ಕಿ ಕೂಗುತ್ತದೆ, ನೀಲಕಂಠ ತಂತಿಯ ಮೇಲೆ ಕೂತಿರುತ್ತದೆ. ಪಾರಿವಾಳದ ಗಾತ್ರದ, ಮರಳಿನ ಬಣ್ಣದ ಸ್ಯಾಂಡ್‌ಗ್ರೌಸ್‌ ಹಕ್ಕಿಯನ್ನು ಬೀಳಿನಲ್ಲಿ ಹುಡುಕುವುದು ಕಷ್ಟ. ಆದರೆ ಬೇಸಿಗೆಯಲ್ಲಿ ಅದು ಬಿಸಿಲೇರುವ ಮೊದಲು ಕೆರೆಗೋ ಗುಂಡಿಗೋ ನೀರಿಗೆ ಬಂದೇ ಬರುತ್ತದೆ. ಗಂಡು ನೀರಿನಲ್ಲಿ ಕೂತು ಹೊಟ್ಟೆಯ ಗರಿಗೆ ನೀರು ಹೀರಿಸಿಕೊಂಡು, ಹಾರಿ ಹೋಗಿ ಮರಿಗಳಿಗೆ ಆ ಗರಿಗಳಿಂದಲೇ ಕುಡಿಸುತ್ತದೆ. ಊರ ದೂರದ ನೀರಿನ ಗುಂಡಿಯೊಂದರ ಬಳಿ ಪೊದೆಯ ಮರೆಯಲ್ಲಿ ಎರಡು ಗಂಟೆ ಕೂರುವ ತಾಳ್ಮೆ ಇದ್ದವರಿಗೆ ಇದು ಸಿಗಬಹುದು.

ಚಿತ್ರದುರ್ಗದ ಜೋಗಿಮಟ್ಟಿ ಬೇರೆಯದೇ ಲೋಕ. ಬಂಡೆ ಮತ್ತು ಪೊದೆ ಬೆರೆತ ಇಳಿಜಾರಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲೂ ಇದಿಲ್ಲ. ಕಲ್ಲುಗಣಿ, ಬೆಂಕಿ ಎರಡೂ ಇದರ ಮನೆಗೇ ಬೀಳುವ ಪೆಟ್ಟು. ಜೋಗಿಮಟ್ಟಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ನಿರ್ಬಂಧವೂ ಇರಬಹುದು. ಕೇಳಿಕೊಂಡೇ ಹೊರಡಬೇಕು.

ಹೊರಡುವ ಮುನ್ನ

ಹೊತ್ತು ಮೂಡುವಾಗ ಕೆರೆಯ ಬಳಿ ಇರಬೇಕು, ಒಂಬತ್ತಕ್ಕೆ ನೆರಳು ಸೇರಬೇಕು. 10 ಗಂಟೆಯ ಮೇಲೆ ನೀರಿನ ಮೇಲಿನ ಝಳದಲ್ಲಿ ದೂರದ ಹಕ್ಕಿ ನಡುಗಿದಂತೆ ಕಾಣುತ್ತದೆ, ಎಷ್ಟು ಒಳ್ಳೆಯ ದುರ್ಬೀನಾದರೂ ಪ್ರಯೋಜನವಿಲ್ಲ. ಸಂಜೆ ನಾಲ್ಕೂವರೆಯ ನಂತರ ಮತ್ತೆ ಹೋಗಬಹುದು. ಸೂರ್ಯ ಸದಾ ಬೆನ್ನ ಹಿಂದಿರಬೇಕು. ಬೆಳಗ್ಗೆ ಕೆರೆಯ ಮೂಡಣ ದಡ, ಸಂಜೆ ಪಡುವಣ ದಡ. ಎದುರು ಬಿಸಿಲಿನಲ್ಲಿ ಎಲ್ಲ ಬಾತೂ ಕಪ್ಪೇ.

ದುರ್ಬೀನು ಕೊಳ್ಳುವವರು 8x42 ಎಂದು ಬರೆದದ್ದನ್ನು ಕೇಳಿದರೆ ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಇದಕ್ಕಿಂತ ಹೆಚ್ಚು ಪಟ್ಟಿನದು ಕೈನಡುಕವನ್ನೂ ಅಷ್ಟೇ ಹೆಚ್ಚಿಸುತ್ತದೆ. ಹೆಸರಿಗಾಗಿ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮನೆಯಲ್ಲಿರಲಿ. ಮೊಬೈಲಿನಲ್ಲಿ ಮರ್ಲಿನ್‌ ಎಂಬ ಉಚಿತ ಆ್ಯಪ್‌ ಇದ್ದರೆ, ಭಾರತದ ಹಕ್ಕಿಗಳ ಕಂತೆಯನ್ನು ಮೊದಲೇ ಇಳಿಸಿಕೊಂಡಲ್ಲಿ ನೆಟ್‌ವರ್ಕ್‌ ಇಲ್ಲದ ಕೆರೆಯಂಗಳದಲ್ಲೂ ಕೆಲಸ ಮಾಡುತ್ತದೆ. ಆದರೆ ಹಕ್ಕಿಯನ್ನು ಹತ್ತಿರ ಕರೆಯಲು ಧ್ವನಿ ನುಡಿಸುವುದು ಗೂಡಿನ ಕಾಲದಲ್ಲಿ ಸಲ್ಲದು. ತನ್ನ ಜಾಗಕ್ಕೆ ಪರಕೀಯ ಬಂದನೆಂದು ಅದು ಮೊಟ್ಟೆ ಬಿಟ್ಟು ಎದ್ದು ಬರುತ್ತದೆ.

ಮಾಸಲು ಬಟ್ಟೆ, ಟೋಪಿ, ಒಬ್ಬರಿಗೆ ಎರಡು ಲೀಟರ್‌ ನೀರು. ಮೇಲೆ ಒಣಗಿ ಬಿರಿದ ಕೆಸರಿನಡಿ ಮೊಣಕಾಲುದ್ದ ಹುದುಲಿರಬಹುದು; ದನದ ಹೆಜ್ಜೆ ಇರುವ ಕಡೆಯಷ್ಟೇ ಕಾಲಿಡುವುದು ಜಾಣತನ. ನಾಯಿಯನ್ನು ಕರೆದೊಯ್ಯಬಾರದು, ನೆಲದ ಗೂಡುಗಳಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ನೋಡಿದ್ದನ್ನು ಬರೆದಿಡುವುದು ನೋಡುವುದರಷ್ಟೇ ಮುಖ್ಯ. ಕೆರೆಯೊಂದಕ್ಕೆ ರಕ್ಷಣೆ ಕೇಳಲು ಅಂಥ ದಾಖಲೆಯೇ ಆಧಾರ. ರಂಗನತಿಟ್ಟು 2022ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿ ರಾಮ್ಸಾರ್‌ ತಾಣವಾಯಿತು. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆಯ ಜತೆ ಆ ಪಟ್ಟಿ ಸೇರಿದ ಇನ್ನೆರಡು ತಾಣಗಳು ಬಯಲುಸೀಮೆಯ ಕೆರೆಗಳು: ಗದಗದ ಮಾಗಡಿ ಮತ್ತು ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. 244 ಎಕರೆಯ ಅಂಕಸಮುದ್ರ 2017ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾಗಿತ್ತು. ಕೆರೆಯಂಗಳದ ಕರಿಜಾಲಿ ಮರಗಳೇ ಅಲ್ಲಿ ಕೊಕ್ಕರೆಗಳಿಗೆ ಗೂಡುಮರ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಈ ಎರಡೂ ಬಗೆ ಕಾನೂನಿಗೆ ಬಂದದ್ದು ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಿಂದ. ಮೊದಲನೆಯದು ಸರ್ಕಾರಿ ಜಾಗಕ್ಕೆ, ಊರಿನವರ ಜತೆ ಮಾತಾಡಿ. ಎರಡನೆಯದು ಊರಿನ ಅಥವಾ ಖಾಸಗಿಯವರ ಜಾಗಕ್ಕೆ, ಅವರೇ ಮುಂದೆ ಬಂದಾಗ. ನೀರಾವರಿ, ಮೀನುಗಾರಿಕೆ, ದನಕರು ಎಲ್ಲಕ್ಕೂ ಬಳಕೆಯಾಗುವ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕೆರೆಗಳಿಗೆ ಜನರನ್ನು ಹೊರಗಿಡುವ ಬೇಲಿಗಿಂತ ಈ ದಾರಿಯೇ ಹೊಂದುತ್ತದೆ.

ಅಂಥ ರಕ್ಷಣೆಯ ಮಾತು ಎತ್ತಬೇಕಾದಾಗ ಕೇಳುವ ಮೊದಲ ಪ್ರಶ್ನೆ, ಯಾವ ಹಕ್ಕಿ, ಎಷ್ಟು, ಯಾವ ತಿಂಗಳು ಎಂಬುದು. ಉತ್ತರ ಕೊಡಬಲ್ಲವರು ಪಕ್ಕದ ಊರಿನವರೇ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಎರಡರಲ್ಲೂ ಶಾಲೆಯ ಮಕ್ಕಳೂ ಸೇರಬಹುದು. ಉಳಿದ ದಿನಗಳಿಗೆ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ ಇದೆ. ತಾರೀಕು, ಶುರುಮಾಡಿದ ಹೊತ್ತು, ಎಷ್ಟು ಹೊತ್ತು ನೋಡಿದ್ದು, ಪ್ರತಿ ಬಗೆಯ ಸಂಖ್ಯೆ ಇಷ್ಟನ್ನು ತುಂಬಿದರೆ ಆಯಿತು. ಜತೆಗೆ ನೀರು ಎಲ್ಲಿಗಿಳಿದಿದೆ ಎಂಬ ಒಂದು ಸಾಲು, ತೂಬಿನ ಕಲ್ಲಿಗೋ ಕಂಬಕ್ಕೋ ಹೋಲಿಸಿ. ಒಂದೇ ಕೆರೆಗೆ ತಿಂಗಳಿಗೊಮ್ಮೆಯಾದರೂ ಹೋಗಿ, ಹಕ್ಕಿ ಸಿಗದ ದಿನವನ್ನೂ ಸಿಗಲಿಲ್ಲವೆಂದೇ ಬರೆಯಬೇಕು. ಗೂಡಿನ ನಿಖರ ಜಾಗವನ್ನಾಗಲಿ ಫೋಟೊವನ್ನಾಗಲಿ ವಾಟ್ಸ್‌ಆ್ಯಪ್‌ ಗುಂಪುಗಳಿಗೆ ಹಾಕದೆ, ಮರಿಗಳು ಹಾರಿದ ಮೇಲೆ ದಾಖಲೆಗೆ ಸೇರಿಸಿದರೆ ಸಾಕು.